ಊರಿನಲ್ಲಿದ್ದುಕೊಂಡೇ ಪಾಸ್‌ಪೋರ್ಟ್: ಅರ್ಜಿ ಹಾಕುವ ಮೊದಲು ನೋಡಬೇಕಾದ ಕಾಗದಪತ್ರ

ಪಾಸ್‌ಪೋರ್ಟ್ ಬೇಕೆಂದರೆ ಬೆಂಗಳೂರಿಗೇ ಹೋಗಬೇಕು, ಏಜೆಂಟನ್ನೇ ಹಿಡಿಯಬೇಕು ಅನ್ನುವ ಮಾತು ಹಳ್ಳಿಗಳ ಕಡೆ ಇನ್ನೂ ನಿಂತಿಲ್ಲ. 2017ರ ಜನವರಿ 25ರಂದು ಮೈಸೂರಿನಲ್ಲೂ ಗುಜರಾತಿನ ದಾಹೋದ್‌ನಲ್ಲೂ ಪ್ರಾಯೋಗಿಕವಾಗಿ ಅಂಚೆ ಕಚೇರಿಯೊಳಗೇ ಪಾಸ್‌ಪೋರ್ಟ್ ಸೇವಾ ಕೇಂದ್ರ ತೆರೆದರು. ಆಮೇಲೆ ದಾವಣಗೆರೆ, ಹಾಸನ, ಬೆಳಗಾವಿ, ಶಿವಮೊಗ್ಗ, ರಾಯಚೂರು, ವಿಜಯಪುರ, ತುಮಕೂರು, ಉಡುಪಿ ಹೀಗೆ ರಾಜ್ಯದ ಬಹುತೇಕ ಕಡೆ ಇಂಥ ಕೇಂದ್ರಗಳು ಬಂದವು. ಇವಲ್ಲದೆ ಬೆಂಗಳೂರು, ಹುಬ್ಬಳ್ಳಿ, ಮಂಗಳೂರಿನಲ್ಲಿ ದೊಡ್ಡ ಸೇವಾ ಕೇಂದ್ರಗಳಿವೆ. 2018ರಿಂದ ದೇಶದ ಯಾವ ಕೇಂದ್ರದಲ್ಲಿ ಬೇಕಾದರೂ ಅರ್ಜಿ ಕೊಡಬಹುದು. ಹಾಗಾಗಿ ದೂರ ಈಗ ದೊಡ್ಡ ತೊಡಕಲ್ಲ.

ತೊಡಕು ಇರುವುದು ಮನೆಯ ಟ್ರಂಕಿನಲ್ಲಿರುವ ಕಾಗದಗಳಲ್ಲಿ. ಆಧಾರ್‌ನಲ್ಲಿ ಒಂದು ಹೆಸರು, ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ಇನ್ನೊಂದು, ಜನನ ಪ್ರಮಾಣಪತ್ರದಲ್ಲಿ ಹೆಸರೇ ಇಲ್ಲ. ಸಣ್ಣ ಊರುಗಳ ಅರ್ಜಿಗಳು ನಿಂತುಹೋಗುವುದು ಹೆಚ್ಚಾಗಿ ಇಲ್ಲೇ. ಕೇಂದ್ರದ ಒಳಗಿನ ಕೆಲಸ ಅರ್ಧ ದಿನದ್ದು, ಅದಕ್ಕೂ ಕಡಿಮೆ. ಕಾಗದ ಸರಿಮಾಡಿಸಿಕೊಳ್ಳುವ ಕೆಲಸಕ್ಕೆ ತಿಂಗಳುಗಳು ಹಿಡಿಯಬಹುದು. ಆದ್ದರಿಂದ ಈ ಬರಹದ ಹೆಚ್ಚಿನ ಪಾಲು ಆ ಮೊದಲ ಕೆಲಸದ ಬಗ್ಗೆಯೇ ಇದೆ.

ಹೆಸರು

ನಮ್ಮಲ್ಲಿ ಬಹಳ ಜನಕ್ಕೆ ಮನೆತನದ ಹೆಸರು ಅಂತ ಇರುವುದಿಲ್ಲ, ಇನಿಷಿಯಲ್ ಇರುತ್ತದೆ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಗಿವನ್ ನೇಮ್, ಸರ್‌ನೇಮ್ ಎಂದು ಎರಡು ಬೇರೆ ಬೇರೆ ಖಾನೆಗಳಿವೆ, ಇನಿಷಿಯಲ್ ಬರೆಯುವಂತಿಲ್ಲ, ಬಿಡಿಸಿಯೇ ಬರೆಯಬೇಕು. ಉದಾಹರಣೆಗೆ ಮಾರ್ಕ್ಸ್ ಕಾರ್ಡಿನಲ್ಲಿ ‘ಮಂಜುನಾಥ ಎಚ್. ಎಸ್.’ ಎಂದಿದೆ ಎನ್ನೋಣ. ಎಚ್ ಎಂದರೆ ಹೊಸಹಳ್ಳಿ, ಎಸ್ ಎಂದರೆ ತಂದೆ ಶಿವಣ್ಣ. ಗಿವನ್ ನೇಮ್ ಖಾನೆಗೆ ಮಂಜುನಾಥ, ಸರ್‌ನೇಮ್ ಖಾನೆಗೆ ಹೊಸಹಳ್ಳಿ ಶಿವಣ್ಣ ಎಂದು ಹಾಕಿದರೆ ಇನಿಷಿಯಲ್‌ಗೂ ಹೊಂದುತ್ತದೆ, ಮುಂದೆ ವೀಸಾಕ್ಕೂ ತೊಂದರೆಯಾಗುವುದಿಲ್ಲ. ಈ ಬಿಡಿಸಿದ ಹೆಸರು ಕನಿಷ್ಠ ಒಂದು ದಾಖಲೆಯಲ್ಲಾದರೂ ಹೀಗೇ ಇರಬೇಕು. ಆಧಾರ್‌ನಲ್ಲೋ ಪ್ಯಾನ್‌ನಲ್ಲೋ ಇದ್ದರೆ ಸಾಕಷ್ಟು ಅನುಕೂಲ.

ಸರ್‌ನೇಮ್ ಖಾನೆಯನ್ನು ಖಾಲಿ ಬಿಡುವುದಕ್ಕೆ ಅವಕಾಶವಿದೆ. ಬಿಡಬೇಡಿ. 2022ರ ನವೆಂಬರ್ 21ರಿಂದ ಯುಎಇ ಒಂದೇ ಹೆಸರಿನ ಪಾಸ್‌ಪೋರ್ಟ್ ಇರುವವರನ್ನು ಭೇಟಿ ವೀಸಾದ ಮೇಲೆ ಒಳಗೆ ಬಿಡುವುದಿಲ್ಲ ಎಂದಿತು. ತಂದೆಯ ಹೆಸರು ಅಥವಾ ಮನೆತನದ ಹೆಸರು ಎರಡನೇ ಪುಟದಲ್ಲಿದ್ದರೆ ನಡೆಯುತ್ತದೆ ಎಂಬ ಸ್ಪಷ್ಟನೆ ಆಮೇಲೆ ಬಂತು. ಅಷ್ಟರಲ್ಲಿ ವಿಮಾನ ನಿಲ್ದಾಣದಲ್ಲಿ ಪೇಚಾಡುವವರು ಪೇಚಾಡಿಯಾಗಿತ್ತು. ಅಮೆರಿಕದ ವೀಸಾದಲ್ಲಿ ಒಂದೇ ಹೆಸರಿದ್ದರೆ ಅದನ್ನು ಸರ್‌ನೇಮ್ ಜಾಗಕ್ಕೆ ತಳ್ಳಿ, ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಹಾಕುತ್ತಾರೆ, ಮೊದಲ ಹೆಸರು ಗೊತ್ತಿಲ್ಲ ಎಂಬರ್ಥದಲ್ಲಿ. ಅಲ್ಲಿಗೆ ಹೋದ ಮೇಲೆ ಬ್ಯಾಂಕ್ ಖಾತೆಯಿಂದ ಹಿಡಿದು ಡ್ರೈವಿಂಗ್ ಲೈಸೆನ್ಸ್‌ವರೆಗೆ ಅದೇ ಹೆಸರು ಬೆನ್ನು ಹತ್ತುತ್ತದೆ.

ಅಕ್ಷರಗಳ ವಿಷಯ ಇನ್ನೂ ಸೂಕ್ಷ್ಮ. ಕನ್ನಡದಲ್ಲಿ ಒಂದೇ ಥರ ಕಾಣುವ ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿ ನಾಲ್ಕು ಥರ ಇರುತ್ತದೆ. ಮಂಜುನಾಥನ ಕೊನೆಗೆ ‘ಎ’ ಇದೆಯೋ ಇಲ್ಲವೋ, ಗೀತಾಗೆ ‘ಟಿ’ ಆದ ಮೇಲೆ ‘ಎಚ್’ ಇದೆಯೋ, ಲಕ್ಷ್ಮಿಗೆ ‘ಕೆಎಸ್‌ಎಚ್’ ಹಾಕಿದ್ದಾರೋ ‘ಎಕ್ಸ್’ ಹಾಕಿದ್ದಾರೋ, ಬಸವರಾಜನ ‘ಜೆ’ ನಂತರ ಏನಿದೆ. ಎಲ್ಲ ದಾಖಲೆಗಳನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು ಒಂದೊಂದೇ ಅಕ್ಷರ ಬೆರಳಿಟ್ಟು ಓದಿ. ನಿಮ್ಮದಷ್ಟೇ ಅಲ್ಲ, ತಂದೆ ತಾಯಿಯ ಹೆಸರನ್ನೂ ಹೀಗೇ ಓದಿ. ತಾಯಿಯ ಹೆಸರು ಒಂದು ಕಡೆ ಲಕ್ಷ್ಮಮ್ಮ, ಇನ್ನೊಂದು ಕಡೆ ಲಕ್ಷ್ಮೀದೇವಮ್ಮ ಎಂದಿರುವುದು ನಮ್ಮ ಕಡೆ ತೀರ ಸಾಮಾನ್ಯ.

ಎಲ್ಲಿ ತಿದ್ದಿಸಬೇಕು ಎಂಬ ಪ್ರಶ್ನೆ ಬಂದಾಗ ಮಾರ್ಕ್ಸ್ ಕಾರ್ಡನ್ನು ಮುಟ್ಟದೆ ಆಧಾರ್ ಅನ್ನು ಅದಕ್ಕೆ ಹೊಂದಿಸುವುದು ಸುಲಭದ ದಾರಿ. ಆದರೆ ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡು ಸಲ, ಜನ್ಮದಿನಾಂಕವನ್ನು ಒಂದೇ ಸಲ ಬದಲಿಸಲು ಬಿಡುತ್ತಾರೆ. ಹೋಗುವ ಮುನ್ನ ಯಾವ ಅಕ್ಷರ ಬೇಕೆಂದು ಕಾಗದದ ಮೇಲೆ ದೊಡ್ಡದಾಗಿ ಬರೆದುಕೊಂಡು ಹೋಗಿ, ಆಪರೇಟರ್ ಟೈಪ್ ಮಾಡಿದ್ದನ್ನು ಪರದೆಯ ಮೇಲೆ ನೋಡಿಯೇ ಒಪ್ಪಿಗೆ ಕೊಡಿ.

ಹುಟ್ಟಿದ ದಿನ, ಹುಟ್ಟಿದ ಊರು

ಒಂದು ತಲೆಮಾರಿನವರ ದಾಖಲೆ ತೆಗೆದು ನೋಡಿದರೆ ಅರ್ಧ ಊರು ಜೂನ್ 1ಕ್ಕೇ ಹುಟ್ಟಿದಂತೆ ಕಾಣುತ್ತದೆ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ತಾರೀಕು ಅದು. ಆಧಾರ್‌ನಲ್ಲಿ ಬರೀ ಇಸವಿ ಅಥವಾ ಜನವರಿ 1 ಇರುತ್ತದೆ. ಮನೆಯವರಿಗೆ ನೆನಪಿರುವ ನಿಜವಾದ ದಿನ ಬೇರೆಯೇ. ಈ ಮೂರರಲ್ಲಿ ಪಾಸ್‌ಪೋರ್ಟಿಗೆ ಬೇಕಾದದ್ದು ದಾಖಲೆಯಲ್ಲಿರುವ ದಿನ, ಅದೂ ಎಲ್ಲ ಕಡೆ ಒಂದೇ ಆಗಿರುವ ದಿನ. ಎಸ್‌ಎಸ್‌ಎಲ್‌ಸಿ ಓದಿದವರಾದರೆ ಮಾರ್ಕ್ಸ್ ಕಾರ್ಡಿನ ದಿನಾಂಕವನ್ನೇ ಹಿಡಿದು ಉಳಿದವನ್ನು ಅದಕ್ಕೆ ಹೊಂದಿಸಿ. ಮಾರ್ಕ್ಸ್ ಕಾರ್ಡಿನ ದಿನಾಂಕ ಬದಲಿಸಲು ಹೊರಟರೆ ಕೋರ್ಟಿನ ಮೆಟ್ಟಿಲು ಹತ್ತಬೇಕಾಗಬಹುದು. ಪಾಸ್‌ಪೋರ್ಟಿನಲ್ಲಿ ಒಮ್ಮೆ ಅಚ್ಚಾದ ಜನ್ಮದಿನಾಂಕವನ್ನು ಆಮೇಲೆ ತಿದ್ದಿಸುವುದೂ ಅಷ್ಟೇ ಕಷ್ಟ.

2023ರ ಅಕ್ಟೋಬರ್ 1 ಅಥವಾ ಆಮೇಲೆ ಹುಟ್ಟಿದ ಮಕ್ಕಳಿಗೆ ಜನನ ಪ್ರಮಾಣಪತ್ರವೊಂದೇ ಪುರಾವೆ, ಬೇರೇನೂ ನಡೆಯುವುದಿಲ್ಲ. ಅದಕ್ಕೂ ಮೊದಲು ಹುಟ್ಟಿದವರಿಗೆ ಜನನ ಪ್ರಮಾಣಪತ್ರ, ಶಾಲೆಯ ಟಿಸಿ, ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್, ಪ್ಯಾನ್, ಡ್ರೈವಿಂಗ್ ಲೈಸೆನ್ಸ್, ಮತದಾರರ ಗುರುತಿನ ಚೀಟಿ, ಎಲ್‌ಐಸಿ ಬಾಂಡ್, ಸರ್ಕಾರಿ ನೌಕರರಾದರೆ ಸೇವಾ ಪುಸ್ತಕದ ಪ್ರತಿ, ಇವುಗಳಲ್ಲಿ ಯಾವುದಾದರೂ ಆಗುತ್ತದೆ. ‘ಜನನ ಪ್ರಮಾಣಪತ್ರ ಇಲ್ಲ, ನಮಗೆ ಪಾಸ್‌ಪೋರ್ಟ್ ಆಗುವುದಿಲ್ಲ’ ಎಂದು ಕೈಚೆಲ್ಲಿ ಕೂತಿರುವ ನಡುವಯಸ್ಸಿನವರು ಎಷ್ಟೋ ಮಂದಿ. ಅವರಿಗೆ ಈ ಪಟ್ಟಿಯನ್ನು ದಯವಿಟ್ಟು ತಿಳಿಸಿ.

ಪುಟ್ಟ ಮಕ್ಕಳ ಪ್ರಮಾಣಪತ್ರದಲ್ಲಿ ಇನ್ನೊಂದು ಕೊರತೆ ಕಾಣುತ್ತದೆ. ನಾಮಕರಣಕ್ಕೆ ಮೊದಲೇ ಆಸ್ಪತ್ರೆಯಿಂದ ಜನನ ನೋಂದಣಿಯಾಗಿರುತ್ತದೆ, ಮಗುವಿನ ಹೆಸರಿನ ಜಾಗ ಖಾಲಿ ಉಳಿದಿರುತ್ತದೆ. ಹಾಗಿರುವ ಪ್ರಮಾಣಪತ್ರ ಕೌಂಟರಿನಲ್ಲಿ ವಾಪಸ್ ಬರುತ್ತದೆ. ನೋಂದಣಿಯಾಗಿ 12 ತಿಂಗಳೊಳಗೆ ಹೋದರೆ ಶುಲ್ಕವಿಲ್ಲದೆ ಹೆಸರು ಸೇರಿಸುತ್ತಾರೆ. ಅದು ಮೀರಿದರೆ 15 ವರ್ಷದವರೆಗೆ ದಂಡ ಶುಲ್ಕ ಕಟ್ಟಿ ಸೇರಿಸಬಹುದು. ನೋಂದಣಿಯೇ ಆಗದೆ ಒಂದು ವರ್ಷ ದಾಟಿದ್ದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. 2023ರ ತಿದ್ದುಪಡಿಯ ನಂತರ ಆ ಅಧಿಕಾರ ಜಿಲ್ಲಾ ದಂಡಾಧಿಕಾರಿ, ಉಪವಿಭಾಗ ದಂಡಾಧಿಕಾರಿಗಳ ಕಡೆಗೆ ಬಂದಿದೆ.

ಹುಟ್ಟಿದ ಊರು ಎಂದರೆ ಈಗ ಇರುವ ಊರಲ್ಲ. ಮೊದಲ ಹೆರಿಗೆ ತವರಿನ ಕಡೆ ಆಗಿರುತ್ತದೆ, ಅದೂ ತಾಲ್ಲೂಕು ಆಸ್ಪತ್ರೆಯಲ್ಲಿ. ಪ್ರಮಾಣಪತ್ರದಲ್ಲಿ ಯಾವ ಊರಿದೆಯೋ ಅದನ್ನೇ ಬರೆಯಿರಿ. ಹಳೆಯ ಪಾಸ್‌ಪೋರ್ಟ್ ಇದ್ದು ಅದರಲ್ಲಿ ಊರಿನ ಹಳೆ ಕಾಗುಣಿತ ಇದ್ದರೆ, ಅಂದರೆ 2014ರ ನವೆಂಬರ್ 1ಕ್ಕೆ ಮೊದಲಿನ ಬೆಲ್ಗಾಂ, ಗುಲ್ಬರ್ಗ, ಬೆಲ್ಲಾರಿ, ಶಿಮೊಗ ಥರದ್ದು ಇದ್ದರೆ, ಅದನ್ನು ಬದಲಿಸುವ ಉಸಾಬರಿಗೆ ಹೋಗಬೇಡಿ. ಇದ್ದ ಹಾಗೇ ಮುಂದುವರಿಸಿ.

ವಿಳಾಸ ಮತ್ತು ಠಾಣೆ

ವಿಳಾಸದ ಪುರಾವೆಗೆ ಆಧಾರ್, ಮತದಾರರ ಚೀಟಿ, ಕರೆಂಟ್ ಬಿಲ್, ಗ್ಯಾಸ್ ಸಂಪರ್ಕದ ಪತ್ರ, ಫೋಟೊ ಅಂಟಿಸಿ ಬ್ಯಾಂಕ್ ಮೊಹರು ಹಾಕಿದ ಪಾಸ್‌ಬುಕ್, ಇವೆಲ್ಲ ಆಗುತ್ತವೆ. ಕರೆಂಟ್ ಬಿಲ್ ಇನ್ನೂ ಅಜ್ಜನ ಹೆಸರಿನಲ್ಲೇ ಬರುತ್ತಿದ್ದರೆ ಅದರಿಂದ ಉಪಯೋಗವಿಲ್ಲ. ಪಾಸ್‌ಬುಕ್ ಆದರೆ ಇತ್ತೀಚಿನ ತನಕ ಎಂಟ್ರಿ ಹಾಕಿಸಿಕೊಂಡು ಹೋಗಿ, ವ್ಯವಹಾರ ನಿಂತ ಖಾತೆಯನ್ನು ಒಪ್ಪುವುದಿಲ್ಲ.

ಈಗ ನಿಜವಾಗಿ ವಾಸವಿರುವ ವಿಳಾಸವನ್ನೇ ಕೊಡಿ. ಆಧಾರ್ ಊರಿನದು, ಕೆಲಸ ಬೆಂಗಳೂರಿನಲ್ಲಿ, ಪೊಲೀಸ್ ವೆರಿಫಿಕೇಶನ್‌ಗೆ ಊರಿಗೆ ಹೋಗಿ ನಿಂತರಾಯಿತು ಎಂದು ಲೆಕ್ಕ ಹಾಕುವವರಿದ್ದಾರೆ. ಪೊಲೀಸರು ಬಂದ ದಿನ ನೆರೆಮನೆಯವರು ‘ಅವನು ಇಲ್ಲಿಲ್ಲ, ಬೆಂಗಳೂರಲ್ಲಿದ್ದಾನೆ’ ಎಂದು ಇದ್ದದ್ದನ್ನು ಇದ್ದಂತೆ ಹೇಳುತ್ತಾರೆ, ವರದಿಯೂ ಹಾಗೇ ಹೋಗುತ್ತದೆ.

ಅರ್ಜಿಯಲ್ಲಿ ಜಿಲ್ಲೆ ಆಯ್ದ ಮೇಲೆ ಪೊಲೀಸ್ ಠಾಣೆಯನ್ನು ಪಟ್ಟಿಯಿಂದ ಆರಿಸಬೇಕು. ಹಳ್ಳಿಯವರು ಎಡವುವ ಜಾಗ ಇದು. ಹತ್ತಿರದ ಪೇಟೆ ಒಂದಿರುತ್ತದೆ, ಹೋಬಳಿ ಇನ್ನೊಂದಿರುತ್ತದೆ, ನಿಮ್ಮ ಗ್ರಾಮ ಸೇರುವ ಠಾಣೆ ಮೂರನೆಯದು. ‘ಗ್ರಾಮಾಂತರ’ ಠಾಣೆ, ‘ಪಟ್ಟಣ’ ಠಾಣೆ ಎರಡೂ ಇರುವ ಕಡೆ ಗೊಂದಲ ಇನ್ನೂ ಹೆಚ್ಚು. ತಪ್ಪು ಠಾಣೆ ಆರಿಸಿದರೆ ಫೈಲು ಅಲ್ಲಿಗೆ ಹೋಗಿ, ನಮ್ಮ ವ್ಯಾಪ್ತಿಯದಲ್ಲ ಎಂದು ವಾಪಸ್ ಬರಲು ವಾರಗಳು ಕಳೆಯುತ್ತವೆ. ಗ್ರಾಮ ಪಂಚಾಯಿತಿಯಲ್ಲೋ ಬೀಟ್ ಪೊಲೀಸರ ಹತ್ತಿರವೋ ಒಂದು ಮಾತು ಕೇಳಿಕೊಳ್ಳಿ. ಹೊಸಪೇಟೆ, ಹೂವಿನಹಡಗಲಿ ಕಡೆಯವರಿಗೆ ಇನ್ನೊಂದು ಎಚ್ಚರಿಕೆ: 2021ರಲ್ಲಿ ವಿಜಯನಗರ ಜಿಲ್ಲೆ ಆದ ಮೇಲೂ ಆಧಾರ್‌ನಲ್ಲಿ ಬಳ್ಳಾರಿ ಎಂದೇ ಉಳಿದಿದ್ದರೆ, ಅರ್ಜಿಗೆ ಮೊದಲು ವಿಳಾಸ ತಿದ್ದಿಸಿಕೊಳ್ಳುವುದು ಒಳ್ಳೆಯದು. ವಿಳಾಸದ ತಿದ್ದುಪಡಿಗೆ ಹೆಸರಿಗಿರುವಂಥ ಮಿತಿ ಇಲ್ಲ.

ಪಿನ್‌ಕೋಡನ್ನು ನಿಮ್ಮ ಊರಿಗೆ ಟಪಾಲು ತರುವ ಪೋಸ್ಟ್‌ಮ್ಯಾನ್‌ನನ್ನು ಕೇಳಿಯೇ ಬರೆಯಿರಿ. ಪಾಸ್‌ಪೋರ್ಟ್ ಪುಸ್ತಕ ತಂದುಕೊಡುವವನು ಅವನೇ.

ಅರ್ಜಿ ತುಂಬುವಾಗ

ಅಧಿಕೃತ ಜಾಲತಾಣ ಒಂದೇ: ಪಾಸ್‌ಪೋರ್ಟ್‌ಇಂಡಿಯಾ ಡಾಟ್ ಗವ್ ಡಾಟ್ ಇನ್. ಎಂ-ಪಾಸ್‌ಪೋರ್ಟ್ ಸೇವಾ ಎಂಬ ಆ್ಯಪ್ ಕೂಡ ಅವರದೇ. ಅದೇ ಬಣ್ಣ, ಅದೇ ಲಾಂಛನ ಹಾಕಿಕೊಂಡು ಹಣ ಕೀಳುವ ನಕಲಿ ತಾಣಗಳು ಹುಡುಕಾಟದಲ್ಲಿ ಮೇಲೆಯೇ ಕಾಣಿಸಿಕೊಳ್ಳುತ್ತವೆ. ವಿಳಾಸದ ಕೊನೆಯಲ್ಲಿ ‘ಗವ್ ಡಾಟ್ ಇನ್’ ಇಲ್ಲದಿದ್ದರೆ ಮುಂದೆ ಹೋಗಬೇಡಿ.

ಸೈಬರ್ ಸೆಂಟರಿನಲ್ಲೋ ಸಿಎಸ್‌ಸಿ ಕೇಂದ್ರದಲ್ಲೋ ತುಂಬಿಸುವುದರಲ್ಲಿ ತಪ್ಪೇನಿಲ್ಲ. ಆದರೆ ನೋಂದಣಿಗೆ ನಿಮ್ಮದೇ ಮೊಬೈಲ್ ನಂಬರ್, ನಿಮ್ಮದೇ ಇಮೇಲ್ ಕೊಡಲೇಬೇಕು. ಆಪರೇಟರು ಕೆಲಸ ಬೇಗ ಮುಗಿಯಲಿ ಎಂದು ತನ್ನ ಇಮೇಲ್ ಹಾಕಿಬಿಟ್ಟರೆ ಒಟಿಪಿ, ಅಪಾಯಿಂಟ್‌ಮೆಂಟ್ ಬದಲಾವಣೆ, ಫೈಲಿನ ಸ್ಥಿತಿಗತಿ ಎಲ್ಲ ಅವನ ಕೈಯಲ್ಲಿ. ಆರು ತಿಂಗಳ ನಂತರ ಪಾಸ್‌ವರ್ಡ್ ಅವನಿಗೂ ನೆನಪಿರುವುದಿಲ್ಲ. ಲಾಗಿನ್ ಐಡಿ, ಪಾಸ್‌ವರ್ಡ್, ಅರ್ಜಿಯ ಗುರುತಿನ ಸಂಖ್ಯೆಯಾದ ಎಆರ್‌ಎನ್ ಮೂರನ್ನೂ ಬರೆದು ತನ್ನಿ.

ಹೊಸದೋ, ರೀ-ಇಶ್ಯೂವೋ (ಹಿಂದೆ ಇದ್ದದ್ದರ ಬದಲು ಮತ್ತೆ ಕೊಡುವುದೋ) ಎಂಬ ಮೊದಲ ಪ್ರಶ್ನೆಯಲ್ಲೇ ಎಡವುವವರು ಹಲವರು. ಚಿಕ್ಕಂದಿನಲ್ಲಿ ಒಮ್ಮೆ ಪಾಸ್‌ಪೋರ್ಟ್ ಆಗಿದ್ದರೆ, ಅದರ ಅವಧಿ ಎಂದೋ ಮುಗಿದಿದ್ದರೂ, ಈಗಿನದು ರೀ-ಇಶ್ಯೂ. ಹೊಸದು ಎಂದು ಹಾಕಿದರೆ ಹಳೆಯ ದಾಖಲೆ ಕಂಪ್ಯೂಟರಿನಲ್ಲಿ ಎದ್ದು ಬರುತ್ತದೆ, ವಿಷಯ ಯಾಕೆ ಮುಚ್ಚಿಟ್ಟಿರಿ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತದೆ.

ಕ್ರಿಮಿನಲ್ ಕೇಸಿನ ಕುರಿತ ಪ್ರಶ್ನೆಗಳಿಗೆ ಸತ್ಯವನ್ನೇ ಬರೆಯಿರಿ. ಹಳ್ಳಿಗಳಲ್ಲಿ ಬದುವಿನ ಜಗಳ, ಜಾತ್ರೆಯ ಗಲಾಟೆಯಲ್ಲಿ ಹತ್ತಾರು ಜನರ ಹೆಸರು ಸೇರಿರುತ್ತದೆ, ಕೆಲವರಿಗೆ ತಮ್ಮ ಹೆಸರು ಇರುವುದೇ ಗೊತ್ತಿರುವುದಿಲ್ಲ. 1967ರ ಪಾಸ್‌ಪೋರ್ಟ್ ಕಾಯ್ದೆಯ 6(2)(ಎಫ್) ಪ್ರಕಾರ ನ್ಯಾಯಾಲಯದಲ್ಲಿ ಕ್ರಿಮಿನಲ್ ಪ್ರಕರಣ ಬಾಕಿ ಇದ್ದರೆ ಪಾಸ್‌ಪೋರ್ಟ್ ನಿರಾಕರಿಸಬಹುದು. ಅಂಥವರಿಗೆ 1993ರ ಆಗಸ್ಟ್ 25ರ ಅಧಿಸೂಚನೆ ಒಂದು ದಾರಿ ಬಿಟ್ಟಿದೆ: ಕೇಸು ನಡೆಯುತ್ತಿರುವ ನ್ಯಾಯಾಲಯದಿಂದಲೇ ವಿದೇಶಕ್ಕೆ ಹೋಗಲು ಅನುಮತಿಯ ಆದೇಶ ತಂದರೆ, ಆದೇಶದಲ್ಲಿರುವ ಅವಧಿಗೆ ಪಾಸ್‌ಪೋರ್ಟ್ ಕೊಡುತ್ತಾರೆ. ಕೇಸು ಖುಲಾಸೆಯಾಗಿದ್ದರೆ ತೀರ್ಪಿನ ದೃಢೀಕೃತ ಪ್ರತಿ ಕೈಯಲ್ಲಿರಲಿ. ಠಾಣೆಯ ದಾಖಲೆಯಲ್ಲಿ ಮುಗಿದ ಕೇಸೂ ‘ಬಾಕಿ’ ಎಂದೇ ಉಳಿದಿರುವುದುಂಟು.

ಶುಲ್ಕ: ದೊಡ್ಡವರಿಗೆ 36 ಪುಟದ ಪುಸ್ತಕಕ್ಕೆ 1,500 ರೂಪಾಯಿ, 60 ಪುಟದ್ದಕ್ಕೆ 2,000. ಹದಿನೆಂಟರ ಒಳಗಿನವರಿಗೆ 1,000. ಬೇಗ ಬೇಕೆನ್ನುವವರ ತತ್ಕಾಲ್‌ಗೆ ಇದರ ಮೇಲೆ 2,000. ಹೊಸ ಪಾಸ್‌ಪೋರ್ಟಿಗೆ ಮಾತ್ರ 8 ವರ್ಷದೊಳಗಿನ ಮಕ್ಕಳಿಗೂ 60 ದಾಟಿದವರಿಗೂ ಶೇ. 10 ರಿಯಾಯಿತಿ ಇದೆ. ಕಟ್ಟಿದ ಹಣ ವಾಪಸ್ ಬರುವುದಿಲ್ಲ, ಆದರೆ ಒಂದು ವರ್ಷದವರೆಗೆ ಅದರ ಮೇಲೇ ಅಪಾಯಿಂಟ್‌ಮೆಂಟ್ ಬದಲಿಸಬಹುದು, ಅದೂ ಮೂರು ಸಲ. ತತ್ಕಾಲ್ ಎಲ್ಲ ಅಂಚೆ ಕಚೇರಿ ಕೇಂದ್ರಗಳಲ್ಲೂ ಸಿಗುತ್ತದೆಂದು ನಂಬಿಕೊಂಡು ಹಣ ಕಟ್ಟಬೇಡಿ, ಅಪಾಯಿಂಟ್‌ಮೆಂಟ್ ಪರದೆಯಲ್ಲಿ ನಿಮ್ಮ ಕೇಂದ್ರದ ಹೆಸರು ಬರುತ್ತದೆಯೇ ನೋಡಿಕೊಂಡು ಮುಂದುವರಿಯಿರಿ.

ಅಂಚೆ ಕೇಂದ್ರಗಳಲ್ಲಿ ದಿನದ ಸ್ಲಾಟುಗಳು ಕಡಿಮೆ. ನಿಮ್ಮ ಜಿಲ್ಲೆಯಲ್ಲಿ ತಡವಾದರೆ ಪಕ್ಕದ ಜಿಲ್ಲೆಯ ಕೇಂದ್ರ ನೋಡಿ. ಎಲ್ಲಿ ಅರ್ಜಿ ಕೊಟ್ಟರೂ ಪೊಲೀಸ್ ವೆರಿಫಿಕೇಶನ್, ಪುಸ್ತಕ ಎರಡೂ ನಿಮ್ಮ ವಿಳಾಸಕ್ಕೇ ಬರುತ್ತವೆ.

ಕೇಂದ್ರದಲ್ಲಿ

ಮೂಲ ಪ್ರತಿಗಳು ಎಲ್ಲವೂ, ಜೊತೆಗೆ ಸಹಿ ಹಾಕಿದ ಒಂದೊಂದು ಜೆರಾಕ್ಸ್. ಡಿಜಿಲಾಕರ್‌ನಿಂದ ದಾಖಲೆ ಸೇರಿಸಿದ್ದರೂ ಮೂಲ ಪ್ರತಿ ಮನೆಯಲ್ಲಿ ಬಿಟ್ಟು ಹೋಗಬೇಡಿ. ಲ್ಯಾಮಿನೇಟ್ ಮಾಡಿದ ಆಧಾರ್ ಮಸುಕಾಗಿ ಸ್ಕ್ಯಾನ್‌ಗೆ ಸಿಗುತ್ತಿಲ್ಲವೆಂದರೆ ಹೊಸ ಪ್ರಿಂಟ್ ತೆಗೆಸಿಕೊಳ್ಳಿ. ಫೋಟೊ ಅಲ್ಲೇ ತೆಗೆಯುತ್ತಾರೆ, ಬಿಳಿ ಬಟ್ಟೆ ಬೇಡ, ಹಿಂದಿನ ಪರದೆಯೂ ಬಿಳಿ. ನಾಲ್ಕು ವರ್ಷದೊಳಗಿನ ಮಗುವಿಗೆ ಮಾತ್ರ 4.5 ಸೆಂ.ಮೀ. ಎತ್ತರ, 3.5 ಸೆಂ.ಮೀ. ಅಗಲದ, ಬಿಳಿ ಹಿನ್ನೆಲೆಯ ಫೋಟೊ ಒಯ್ಯಬೇಕು.

ಹತ್ತು ಬೆರಳಿನ ಅಚ್ಚೂ ಬೇಕಾಗುತ್ತದೆ. ಮದುವೆ ಮನೆಯಿಂದ ಮದರಂಗಿ ಹಚ್ಚಿಕೊಂಡು ಬಂದವರಿಗೆ ಮತ್ತು ಹೊಲದ ಕೆಲಸ, ಅಡಿಕೆ ಸುಲಿಯುವ ಕೆಲಸ ಮಾಡಿ ಬೆರಳ ಗೆರೆ ಸವೆದವರಿಗೆ ಯಂತ್ರ ಬೇಗ ಒಪ್ಪುವುದಿಲ್ಲ. ಅಪಾಯಿಂಟ್‌ಮೆಂಟಿಗೆ ನಾಲ್ಕೈದು ದಿನ ಮುಂಚಿನಿಂದ ಅಂಥ ಕೆಲಸ ಬಿಟ್ಟು, ರಾತ್ರಿ ಮಲಗುವಾಗ ಕೊಬ್ಬರಿ ಎಣ್ಣೆ ಸವರಿಕೊಂಡರೆ ಗೆರೆ ಸ್ವಲ್ಪ ಮೇಲೆ ಬರುತ್ತದೆ. ಕೇಂದ್ರಕ್ಕೆ ಹೋಗುವ ದಿನ ಮಾತ್ರ ಎಣ್ಣೆ ಪೂರ್ತಿ ತೊಳೆದಿರಬೇಕು.

ದೊಡ್ಡ ಕೇಂದ್ರಗಳಲ್ಲಿ ಎ, ಬಿ, ಸಿ ಎಂದು ಮೂರು ಹಂತದ ಕೌಂಟರುಗಳು. ಎ ಯಲ್ಲಿ ಫೋಟೊ, ಬೆರಳಚ್ಚು, ಸ್ಕ್ಯಾನಿಂಗ್. ಬಿ ಯಲ್ಲಿ ದಾಖಲೆ ಪರಿಶೀಲನೆ. ಸಿ ಯಲ್ಲಿ ಮಂಜೂರು ಮಾಡುವ ಅಧಿಕಾರಿ. ಅಂಚೆ ಕೇಂದ್ರದಲ್ಲಿ ಒಂದೆರಡು ಮೇಜಿನಲ್ಲೇ ಎಲ್ಲ ಮುಗಿಯುತ್ತದೆ, ಮುಂದಿನ ತೀರ್ಮಾನ ಪಾಸ್‌ಪೋರ್ಟ್ ಅಧಿಕಾರಿಗಳದು. ಎರಡೂ ಕಡೆ ಬಹಳ ಮುಖ್ಯವಾದ ಕ್ಷಣ ಒಂದೇ: ಸ್ಕ್ಯಾನ್ ಮಾಡುವವರು ‘ಹೆಸರು, ವಿಳಾಸ ಸರಿಯಾಗಿದೆಯಾ ನೋಡಿ’ ಎಂದು ಪರದೆಯನ್ನು ನಿಮ್ಮ ಕಡೆ ತಿರುಗಿಸುವ ಹೊತ್ತು. ಅರ್ಜಿಯಲ್ಲಿ ಬಿದ್ದ ಸಣ್ಣ ತಪ್ಪುಗಳನ್ನು ಅಲ್ಲೇ ತಿದ್ದಲು ಸಾಧ್ಯ. ಹಿಂದೆ ಸಾಲು ನಿಂತಿದೆ ಎಂಬ ಸಂಕೋಚಕ್ಕೆ ತಲೆಯಾಡಿಸಿಬಿಟ್ಟರೆ ಆ ತಪ್ಪು ಹತ್ತು ವರ್ಷ ನಿಮ್ಮದೇ. ಕನ್ನಡಕ ಬೇಕಿದ್ದರೆ ಹಾಕಿಕೊಳ್ಳಿ, ಇಂಗ್ಲಿಷ್ ಓದಲು ಬಾರದಿದ್ದರೆ ಆಧಾರ್ ಕಾರ್ಡನ್ನು ಪರದೆಯ ಪಕ್ಕ ಹಿಡಿದು ಅಕ್ಷರಕ್ಕೆ ಅಕ್ಷರ ತಾಳೆ ಹಾಕಿ. ಹೊರಗೆ ಬರುವಾಗ ಕೊಡುವ ಸ್ವೀಕೃತಿ ಪತ್ರವನ್ನೂ ಹಾಗೇ ಓದಿ. ಅದರಲ್ಲಿರುವ ಫೈಲ್ ನಂಬರ್ ಮುಂದಿನ ಎಲ್ಲಕ್ಕೂ ಬೇಕು.

ಇಸಿಆರ್ ಎಂಬ ಮುದ್ರೆ

ಕರಾವಳಿ ಕಡೆಯಿಂದ, ಕಲ್ಯಾಣ ಕರ್ನಾಟಕದಿಂದ ಕೊಲ್ಲಿ ದೇಶಗಳಿಗೆ ದುಡಿಯಲು ಹೋಗುವವರಿಗೆ ಇದು ದೊಡ್ಡ ವಿಷಯ. ಇಸಿಆರ್ ಎಂದರೆ ‘ಎಮಿಗ್ರೇಶನ್ ಚೆಕ್ ರಿಕ್ವೈರ್ಡ್’, ಕೆಲಸಕ್ಕೆ ಹೊರಡುವ ಮುನ್ನ ಸರ್ಕಾರದ ತಪಾಸಣೆ ಬೇಕು ಎಂಬ ಗುರುತು. ನಾನ್-ಇಸಿಆರ್ ಎಂದರೆ ಆ ತಪಾಸಣೆ ಬೇಡ. ಎಸ್‌ಎಸ್‌ಎಲ್‌ಸಿ ಪಾಸಾಗಿದ್ದರೆ ಮಾರ್ಕ್ಸ್ ಕಾರ್ಡ್ ತೋರಿಸಿ ನಾನ್-ಇಸಿಆರ್ ಪಡೆಯಿರಿ. ತೋರಿಸದಿದ್ದರೆ ಇಸಿಆರ್ ಮುದ್ರೆ ಬೀಳುತ್ತದೆ, ಆಗ ಸೌದಿ, ಕುವೈತ್, ಕತಾರ್, ಒಮಾನ್, ಮಲೇಷ್ಯಾ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗುವ ಮುನ್ನ ಹೊರದೇಶಕ್ಕೆ ದುಡಿಯಲು ಹೋಗುವವರ ರಕ್ಷಣೆ ನೋಡುವ ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್ ಕಚೇರಿಯ ಅನುಮತಿ ಬೇಕು. ಹತ್ತನೇ ತರಗತಿ ಓದದವರಿಗೂ ದಾರಿಗಳಿವೆ: ಆದಾಯ ತೆರಿಗೆ ಕಟ್ಟುವವರು, 50 ವರ್ಷ ದಾಟಿದವರು ನಾನ್-ಇಸಿಆರ್‌ಗೆ ಅರ್ಹರು. ಹಾಗೆಂದು ಇಸಿಆರ್ ಇರುವುದನ್ನು ಅವಮಾನ ಎಂದು ತಿಳಿಯಬೇಕಿಲ್ಲ. ಕೆಲಸಕ್ಕೆ ಹೋಗುವವರನ್ನು ಅಲ್ಲಿ ಮೋಸಕ್ಕೆ ಬೀಳದಂತೆ ಕಾಯಲು ಮಾಡಿದ ಏರ್ಪಾಡು ಅದು. ಒಪ್ಪಂದ ಪತ್ರವನ್ನು ಸರ್ಕಾರದ ಕಣ್ಣು ಒಮ್ಮೆ ನೋಡುತ್ತದೆ. ಏಜೆಂಟರು ಇದನ್ನು ತಪ್ಪಿಸಲು ಭೇಟಿ ವೀಸಾದಲ್ಲಿ ಕಳಿಸುತ್ತೇವೆ ಎಂದರೆ ಒಪ್ಪಬೇಡಿ.

ಮಕ್ಕಳಿಗೆ

ತಂದೆ ತಾಯಿ ಇಬ್ಬರೂ ಸಹಿ ಹಾಕಿದ ಅನುಬಂಧ ಡಿ ಎಂಬ ಘೋಷಣಾ ಪತ್ರ, ಇಬ್ಬರ ಗುರುತಿನ ದಾಖಲೆ, ಮಗುವಿನ ಜನನ ಪ್ರಮಾಣಪತ್ರ. ಒಬ್ಬರೇ ಪೋಷಕರಾದರೆ ಅನುಬಂಧ ಸಿ. ತಂದೆ ತಾಯಿಗೆ ಚಾಲ್ತಿಯ ಪಾಸ್‌ಪೋರ್ಟ್ ಇದ್ದರೆ ಸಾಮಾನ್ಯವಾಗಿ ಮಗುವಿಗೆ ಪೊಲೀಸ್ ವೆರಿಫಿಕೇಶನ್ ಇರುವುದಿಲ್ಲ, ಕೆಲಸ ಬೇಗ ಮುಗಿಯುತ್ತದೆ. ಮಕ್ಕಳ ಪುಸ್ತಕ 5 ವರ್ಷ ಅಥವಾ 18 ತುಂಬುವವರೆಗೆ, ಯಾವುದು ಮೊದಲೋ ಅದು. 15 ದಾಟಿದವರು ದೊಡ್ಡವರ ಶುಲ್ಕ ಕಟ್ಟಿ 10 ವರ್ಷದ್ದನ್ನೇ ಪಡೆಯಬಹುದು. ಪಿಯುಸಿ ಮಕ್ಕಳಿಗೆ ಅದೇ ಲಾಭ.

ಪೊಲೀಸ್ ವೆರಿಫಿಕೇಶನ್, ಅಂಚೆ

ಫೈಲು ಜಿಲ್ಲಾ ಎಸ್‌ಪಿ ಕಚೇರಿ ಮೂಲಕ ಠಾಣೆಗೆ ಬರುತ್ತದೆ. ಠಾಣೆಯಿಂದ ಫೋನ್ ಬರುತ್ತದೆ, ಪರಿಚಯವಿಲ್ಲದ ನಂಬರೆಂದು ಎತ್ತದೆ ಬಿಡಬೇಡಿ. ಮನೆಯಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ ಅರ್ಜಿಯಲ್ಲಿ ಎರಡನೇ ನಂಬರ್ ಕೊಟ್ಟಿರಿ. ಅವರು ನೋಡುವುದು ಮುಖ್ಯವಾಗಿ ಎರಡು: ಅರ್ಜಿಯಲ್ಲಿ ಹೇಳಿದ ವ್ಯಕ್ತಿ ನೀವೇ ಹೌದೇ, ನಿಮ್ಮ ಮೇಲೆ ಕೇಸು ಇದೆಯೇ. ಕೆಲವೆಡೆ ನೆರೆಯ ಇಬ್ಬರ ಸಹಿ, ಆಧಾರ್ ಜೆರಾಕ್ಸ್ ಕೇಳುತ್ತಾರೆ, ಮೊದಲೇ ಅವರಿಗೆ ಹೇಳಿಟ್ಟಿರಿ. ವೆರಿಫಿಕೇಶನ್‌ಗೆ ಯಾವ ಶುಲ್ಕವೂ ಇಲ್ಲ. ವರದಿ ‘ಅಡ್ವರ್ಸ್’, ಅಂದರೆ ನಿಮಗೆ ಪ್ರತಿಕೂಲ ಎಂದು ಹೋದರೆ ಪಾಸ್‌ಪೋರ್ಟ್ ಕಚೇರಿಯಿಂದ ಪತ್ರ ಬರುತ್ತದೆ, ಅದಕ್ಕೆ ದಾಖಲೆ ಸಮೇತ ಉತ್ತರ ಕೊಡಿ. ಮನೆಯಲ್ಲಿ ಸಿಗಲಿಲ್ಲ ಎಂಬುದಷ್ಟೇ ಕಾರಣವಾದರೆ ಮತ್ತೊಮ್ಮೆ ವೆರಿಫಿಕೇಶನ್‌ಗೆ ಕೋರಬಹುದು. ಸುಮ್ಮನೆ ಕಾಯುತ್ತ ಕೂತರೆ ಫೈಲು ಮುಚ್ಚಿಹೋಗುತ್ತದೆ.

ಪುಸ್ತಕ ಸ್ಪೀಡ್ ಪೋಸ್ಟಿನಲ್ಲಿ ಬರುತ್ತದೆ. ಅರ್ಜಿದಾರರ ಕೈಗೇ ಗುರುತು ನೋಡಿ ಕೊಡುವುದು ನಿಯಮ, ಬೇರೆ ವಿಳಾಸಕ್ಕೆ ತಿರುಗಿಸಿ ಕಳಿಸುವುದಿಲ್ಲ, ಬಾಗಿಲು ಹಾಕಿದ್ದರೆ ಕೆಲವು ದಿನ ಕಾದು ವಾಪಸ್ ಪಾಸ್‌ಪೋರ್ಟ್ ಕಚೇರಿಗೆ ಹೋಗುತ್ತದೆ. ಟ್ರ್ಯಾಕಿಂಗ್ ನಂಬರಿನ ಮೆಸೇಜ್ ಬಂದ ದಿನವೇ ನಿಮ್ಮ ಶಾಖಾ ಅಂಚೆ ಕಚೇರಿಗೆ ಒಂದು ಮಾತು ಹೇಳಿಬನ್ನಿ. ಈಗಿನ ಪುಸ್ತಕಗಳಲ್ಲಿ ಚಿಪ್ ಇರುತ್ತದೆ, ರಕ್ಷಾಪುಟದ ಮೇಲಿನ ಚಿಕ್ಕ ಬಂಗಾರದ ಗುರುತಿನಿಂದ ತಿಳಿಯುತ್ತದೆ. ಅದನ್ನು ಮಡಚಬಾರದು, ಸ್ಟೇಪ್ಲರ್ ಹೊಡೆಯಬಾರದು. ಚಿಪ್ ಇಲ್ಲದ ಹಳೆಯ ಪುಸ್ತಕ ಅದರ ಅವಧಿಯವರೆಗೂ ನಡೆಯುತ್ತದೆ, ಅವಸರದಲ್ಲಿ ಬದಲಿಸಬೇಕಿಲ್ಲ.

ನವೀಕರಣ

ಕಚೇರಿಯ ಭಾಷೆಯಲ್ಲಿ ಇದು ರೀ-ಇಶ್ಯೂ, ಹೊಸ ನಂಬರಿನ ಹೊಸ ಪುಸ್ತಕವೇ ಬರುತ್ತದೆ. ಅವಧಿ ಮುಗಿಯಲು ಒಂದು ವರ್ಷ ಇರುವಾಗಲೇ ಅರ್ಜಿ ಹಾಕಬಹುದು, ಹಾಕುವುದೇ ಒಳ್ಳೆಯದು. ಬಹಳ ದೇಶಗಳು ಆರು ತಿಂಗಳ ಅವಧಿ ಉಳಿದಿರದ ಪಾಸ್‌ಪೋರ್ಟಿಗೆ ವೀಸಾ ಕೊಡುವುದಿಲ್ಲ, ಹಾಗಾಗಿ ಹತ್ತು ವರ್ಷದ ಪುಸ್ತಕ ಉಪಯೋಗಕ್ಕೆ ಬರುವುದು ಒಂಬತ್ತೂವರೆ ವರ್ಷ. ಅವಧಿ ಮುಗಿದು ಮೂರು ವರ್ಷ ದಾಟಿದ್ದರೆ ಅರ್ಜಿಯಲ್ಲಿ ಬೇರೆಯೇ ಕಾರಣ ಆರಿಸಬೇಕು, ವೆರಿಫಿಕೇಶನ್ ಕೂಡ ಮತ್ತೆ ಮೊದಲಿನಿಂದ.

ಹಳೆಯ ಪುಸ್ತಕ, ಅದರ ಮೊದಲ ಎರಡು ಮತ್ತು ಕೊನೆಯ ಎರಡು ಪುಟಗಳ ಜೆರಾಕ್ಸ್ ಬೇಕು. ವಿಳಾಸ ಬದಲಾಗಿದ್ದರೆ ‘ವಿವರಗಳಲ್ಲಿ ಬದಲಾವಣೆ’ ಎಂಬುದನ್ನೂ ಗುರುತು ಮಾಡಿ. ಮದುವೆಯಾದ ಹೆಣ್ಣುಮಕ್ಕಳು ಹೆಸರು ಬದಲಿಸಲೇಬೇಕೆಂಬ ನಿಯಮ ಇಲ್ಲ. ಗಂಡನ ಹೆಸರು ಸೇರಿಸಬೇಕೆಂದಿದ್ದರೆ ಮದುವೆ ನೋಂದಣಿ ಪತ್ರ ಅಥವಾ ಇಬ್ಬರ ಜಂಟಿ ಫೋಟೊ, ಸಹಿ ಇರುವ ಅನುಬಂಧ ಜೆ ಕೊಡಬಹುದು. ತವರಿನ ಹೆಸರಿನಲ್ಲೇ ಪ್ಯಾನ್, ಪದವಿ ಪತ್ರ ಎಲ್ಲ ಇದ್ದರೆ ಆ ಹೆಸರನ್ನೇ ಉಳಿಸಿಕೊಳ್ಳುವುದು ಜಾಣತನ. ಪುಸ್ತಕದ ಹೆಸರೊಂದು, ಪದವಿಯ ಹೆಸರೊಂದು ಆದರೆ ಮುಂದೆ ಪ್ರತಿ ಕಡೆ ಅಫಿಡವಿಟ್ ಹಿಡಿದು ತಿರುಗಬೇಕು.

ಹಳೆಯ ಪುಸ್ತಕವನ್ನು ರದ್ದು ಮಾಡಿ ನಿಮಗೇ ಕೊಡುತ್ತಾರೆ. ಅದರಲ್ಲಿ ಚಾಲ್ತಿಯ ವೀಸಾ ಇದ್ದರೆ ಹೊಸದರ ಜೊತೆ ಅದನ್ನೂ ಒಯ್ಯಬೇಕು.

ಕಳೆದುಹೋದರೆ ಮೊದಲು ಠಾಣೆಯಲ್ಲಿ ದೂರು, ಆಮೇಲೆ ಅನುಬಂಧ ಎಫ್ ಜೊತೆ ರೀ-ಇಶ್ಯೂ ಅರ್ಜಿ. ಶುಲ್ಕ 36 ಪುಟಕ್ಕೆ 3,000 ರೂಪಾಯಿ, 60 ಪುಟಕ್ಕೆ 3,500. ಮಳೆಗಾಲದಲ್ಲಿ ಒದ್ದೆಯಾಗಿ, ಗೆದ್ದಲು ಹಿಡಿದು ಹಾಳಾದದ್ದಕ್ಕೂ ಇಷ್ಟೇ ದರ, ಆಗ ಇರುವಷ್ಟು ಪುಸ್ತಕವನ್ನೇ ಒಯ್ಯಬೇಕು. ದೂರಿನಲ್ಲೂ ಅರ್ಜಿಯಲ್ಲೂ ಹಳೆಯ ಪಾಸ್‌ಪೋರ್ಟಿನ ನಂಬರ್, ಕೊಟ್ಟ ದಿನಾಂಕ, ಕೊಟ್ಟ ಊರು ಕೇಳುತ್ತಾರೆ. ಪುಸ್ತಕ ಕೈಗೆ ಬಂದ ದಿನವೇ ಮೊದಲ ಮತ್ತು ಕೊನೆಯ ಪುಟಗಳ ಜೆರಾಕ್ಸ್ ತೆಗೆಸಿ, ಮನೆಯ ಬೇರೆ ಕಾಗದಗಳ ಜೊತೆಗಿಡಿ.